ಪಿಯುಸಿ ಜೀವಶಾಸ್ತ್ರ ಕಲಿಸಲು ಆನ್‌ಲೈನ್‌ನಲ್ಲಿ ಉಚಿತವಾಗಿ ಏನೇನು ಸಿಗುತ್ತದೆ?

ಆಗಾಗ ಕೈಕೊಡುವ ನೆಟ್, ಒಂದೇ ಪ್ರೊಜೆಕ್ಟರ್, ದ್ವಿತೀಯ ಪಿಯುಸಿಯ ತಳಿಶಾಸ್ತ್ರ ಮತ್ತು ವಿಕಾಸದ ಪಾಠ ಎಂದು ಬರೆದಿದ್ದೀರಿ. ನಿಮಗೆ ಲಿಂಕುಗಳ ಉದ್ದ ಪಟ್ಟಿ ಬೇಡ. ಎರಡನ್ನು ಹಿಡಿದು ಪೂರ್ತಿ ಬಳಸಿ.

ವಿಕಾಸಕ್ಕೆ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ತಾಣದಲ್ಲಿರುವ 'ನ್ಯಾಚುರಲ್ ಸೆಲೆಕ್ಷನ್' ಸಿಮ್ಯುಲೇಶನ್, ಅಂದರೆ ಮೊಲಗಳ ಗುಂಪಿನಲ್ಲಿ ನಿಸರ್ಗದ ಆಯ್ಕೆ ಹೇಗೆ ನಡೆಯುತ್ತದೆ ಎಂದು ಪರದೆಯ ಮೇಲೆ ಆಡಿ ನೋಡುವ ಮಾದರಿ. ನೆಟ್ ಇದ್ದಾಗ ಎಚ್‌ಟಿಎಮ್‌ಎಲ್ ಫೈಲ್ ಇಳಿಸಿಕೊಂಡರೆ ತರಗತಿಯಲ್ಲಿ ಆಫ್‌ಲೈನ್ ನಡೆಯುತ್ತದೆ. 'ಲ್ಯಾಬ್' ತೆರೆಯಿರಿ, ಪರಿಸರ ಸಮಭಾಜಕದ್ದೇ ಇರಲಿ. ಮೊದಲ ಸುತ್ತಿನಲ್ಲಿ ಮ್ಯುಟೇಶನ್ (ಜೀನ್‌ನಲ್ಲಾಗುವ ಬದಲಾವಣೆ) ಸೇರಿಸಬೇಡಿ. ಬಿಳಿ ಮೊಲಕ್ಕೆ ಜೋಡಿ ಕೊಟ್ಟು, ಸಂಖ್ಯೆ ಚೆನ್ನಾಗಿ ಏರಿದ ಮೇಲೆ ತೋಳ ಬಿಡಿ. ಮೊಲಗಳು ಕಡಿಮೆಯಾಗುತ್ತವೆ, ಪೂರಾ ಅಳಿದೂ ಹೋಗಬಹುದು, ಆದರೆ ಕಂದು ಮೊಲ ಒಂದೂ ಹುಟ್ಟುವುದಿಲ್ಲ. ಸಮಯ ಸಾಲದೆಂದು ಈ ಸುತ್ತನ್ನು ಬಿಡಲೇಬೇಡಿ. 'ತೋಳ ಬಂತು, ಅದಕ್ಕೇ ಮೊಲ ಬಣ್ಣ ಬದಲಿಸಿತು' ಎಂಬ ತಪ್ಪು ತಿಳಿವಳಿಕೆ ಅಳಿಯುವುದು ಇಲ್ಲೇ. ಎರಡನೇ ಸುತ್ತಿನಲ್ಲಿ ಕಂದು ತುಪ್ಪಳವನ್ನು ಪ್ರಬಲ ಗುಣವಾಗಿ, ಮೂರನೆಯದರಲ್ಲಿ ದುರ್ಬಲ ಗುಣವಾಗಿ ಸೇರಿಸಿ. ದುರ್ಬಲವಾದಾಗ ಬಣ್ಣ ತಡವಾಗಿ ಕಾಣುತ್ತದೆ, ಮಕ್ಕಳು ಕೆಟ್ಟಿತು ಅಂದುಕೊಳ್ಳುತ್ತಾರೆ. ಆಗ 'ಪೆಡಿಗ್ರೀ' (ವಂಶವೃಕ್ಷ) ತೆರೆದು, ಬಿಳಿ ಮೊಲದೊಳಗೇ ಕಂದು ಬಣ್ಣದ ಅಲೀಲ್ (ಜೀನ್‌ನ ಒಂದು ರೂಪ) ಕೂತಿರುವುದನ್ನು ತೋರಿಸಿ. ತೋಳವನ್ನು ಬೇಗ ಬಿಟ್ಟರೆ ಎಲ್ಲ ಮೊಲಗಳೂ ಸತ್ತು ಆಟ ಮುಗಿಯುತ್ತದೆ, ಅಷ್ಟೇ ಎಚ್ಚರಿಕೆ.

ತಳಿಶಾಸ್ತ್ರಕ್ಕೆ ನನ್ನ ಆಯ್ಕೆ ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್. ಪಠ್ಯದಲ್ಲಿ ಒಂದು ಸಾಲು ಇರುತ್ತದೆ: ಹಿಮೊಗ್ಲೋಬಿನ್‌ನ ಭಾಗವಾದ ಬೀಟಾ ಗ್ಲೋಬಿನ್‌ನ 6ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್, ಕೋಡಾನ್ (ಒಂದು ಅಮೈನೊ ಆಮ್ಲವನ್ನು ಸೂಚಿಸುವ ಮೂರಕ್ಷರ) ಜಿಎಜಿ ಹೋಗಿ ಜಿಯುಜಿ. ಆ ಸಾಲನ್ನು ಮಕ್ಕಳೇ ಪರೀಕ್ಷಿಸಲಿ. ಪ್ರೋಟೀನ್‌ಗಳ ಮಾಹಿತಿ ಇರುವ ಯೂನಿಪ್ರಾಟ್ ತಾಣದಲ್ಲಿ ಬೀಟಾ ಗ್ಲೋಬಿನ್‌ನ ಸಂಕೇತ 'ಪಿ68871' ಎಂದು ಹುಡುಕಿದರೆ 147 ಅಮೈನೊ ಆಮ್ಲಗಳ ಸರಣಿ ಸಿಗುತ್ತದೆ. ಎಣಿಸಿ ನೋಡಿದರೆ ಆ ಗ್ಲುಟಾಮಿಕ್ ಆಮ್ಲ 7ನೆಯದು! ಪುಸ್ತಕವೂ ತಪ್ಪಲ್ಲ, ತಾಣವೂ ತಪ್ಪಲ್ಲ. ಯೂನಿಪ್ರಾಟ್ ಆರಂಭದ ಮೆಥಿಯೋನಿನ್ ಅನ್ನೂ ಎಣಿಸುತ್ತದೆ. ಪ್ರೋಟೀನ್ ಪಕ್ವವಾಗುವಾಗ ಅದು ಕತ್ತರಿಸಿ ಹೋಗುತ್ತದೆ. ಆ ಮೆಥಿಯೋನಿನ್ ತರುವ ಸ್ಟಾರ್ಟ್ ಕೋಡಾನ್ ಬಗ್ಗೆ ಇದಕ್ಕಿಂತ ಒಳ್ಳೆಯ ಚರ್ಚೆ ಬೇರೆ ದಾರಿಯಲ್ಲಿ ಹುಟ್ಟುವುದು ಕಷ್ಟ.

ಮುಂದಿನ ಹೆಜ್ಜೆ ಪ್ರೋಟೀನ್‌ಗಳ ಆಕಾರ ತೋರಿಸುವ ತಾಣ, ಪ್ರೋಟೀನ್ ಡೇಟಾ ಬ್ಯಾಂಕ್. ಸಿಕಲ್ ಸೆಲ್ ಹಿಮೊಗ್ಲೋಬಿನ್‌ನ '2ಎಚ್‌ಬಿಎಸ್' ಎಂಬ ದಾಖಲೆ ತೆರೆದು ಮೂರು ಆಯಾಮದ ನೋಟ ಒತ್ತಿ. ಇಲ್ಲಿ ಎಣಿಕೆ ಮತ್ತೆ 6ಕ್ಕೇ ಬರುತ್ತದೆ. ಒಂದು ಅಣುವಿನ ಆ ವ್ಯಾಲೀನ್ ಪಕ್ಕದ ಅಣುವಿನ 85ನೇ ಫಿನೈಲಲನೀನ್ ಮತ್ತು 88ನೇ ಲ್ಯೂಸೀನ್‌ಗಳ ನಡುವಿನ ಗುಳಿಯಲ್ಲಿ ಕೂತಿರುತ್ತದೆ. ಹೀಗೆ ಅಣುಗಳು ಸಾಲಾಗಿ ಅಂಟಿಕೊಂಡು ಎಳೆಯಾದಾಗ ರಕ್ತಕಣ ಬಾಗುತ್ತದೆ. ಹಳೆಯ ಫೋನ್‌ನಲ್ಲಿ ಇದು ತುಂಬ ನಿಧಾನ. ಮೊದಲೇ ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ರೋಗ ನಮ್ಮಿಂದ ದೂರದ್ದಲ್ಲ ಎನ್ನುವುದನ್ನೂ ಹೇಳಿ: 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಇದೆ.

ಉಳಿದವು ಬೇಗ ಹೇಳುತ್ತೇನೆ. ನಿಮ್ಮ ಸ್ವಂತ ಓದಿಗೆ ಓಪನ್‌ಸ್ಟ್ಯಾಕ್ಸ್‌ನ ಉಚಿತ ಪಠ್ಯಪುಸ್ತಕ 'ಬಯಾಲಜಿ 2ಇ' ಪಿಡಿಎಫ್ ಸಾಕು. ಮೂಲವನ್ನು ಹೆಸರಿಸಿ ಕನ್ನಡಕ್ಕೆ ಅನುವಾದಿಸಿ ಮಕ್ಕಳಿಗೆ ಹಂಚಲೂ ಅನುಮತಿಯಿದೆ. ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ-ಡ್ಯಾಕ್ ರೂಪಿಸಿದ ಆನ್‌ಲೈನ್ ಪ್ರಯೋಗಾಲಯ ಓಲ್ಯಾಬ್ಸ್‌ನಲ್ಲಿ ಪ್ರಯೋಗಗಳ ತಾಲೀಮು ಸಿಗುತ್ತದೆ. ಅದನ್ನು ಪ್ರಯೋಗದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಿ. ಕೋಶ ವಿಭಜನೆ ನೋಡಲು ಈರುಳ್ಳಿ ಬೇರಿನ ತುದಿಯನ್ನು ಸ್ಲೈಡ್ ಮೇಲೆ ಅದುಮುವ ಹದ ಪರದೆಯಿಂದ ಬರುವುದಿಲ್ಲ.