ಡನ್‌ಕ್ವಿನ್ ಬೋರ್ಡು ಎಲ್ಲೂ ಕಾಣದಿದ್ದರೆ

ಐರ್ಲೆಂಡಿನ ಡಿಂಗಲ್ ಪಟ್ಟಣದಿಂದ ಹೊರಟ ನಿಮಗೆ ಡನ್‌ಕ್ವಿನ್ ಬೋರ್ಡು ಸಿಗದ್ದಕ್ಕೆ ಕಾರಣ ಬಹುಶಃ ಇದು: ಅದು ಐರಿಶ್ ಮಾತಾಡುವ ಊರು. 2005ರಿಂದ ಅಂಥ ಕಡೆ ಬೋರ್ಡಿನಲ್ಲಿ ಐರಿಶ್ ಹೆಸರು ಮಾತ್ರ. ನೀವು ಹುಡುಕಬೇಕಾದದ್ದು ‘ಡೂನ್ ಖೀನ್’.

ಮೊದಲು ಊರ ಹೆಸರುಗಳ ಸರ್ಕಾರಿ ಆನ್‌ಲೈನ್ ಕೋಶದಲ್ಲಿ ದಾರಿಯ ಊರುಗಳ ಐರಿಶ್ ಕಾಗುಣಿತ ನೋಡಿ ಬರೆದಿಟ್ಟುಕೊಳ್ಳಿ. ಬರೆಯುವುದೇ ಬೇರೆ, ಓದುವುದೇ ಬೇರೆ, ಹಾಗಾಗಿ ಕಾಗುಣಿತವೇ ಮುಖ್ಯ. ಆಮೇಲೆ ಆರ್559 ರಸ್ತೆ ಹಿಡಿದು ವೆಂಟ್ರಿ, ಸ್ಲೇ ಹೆಡ್ ದಾಟಿ ಹೋಗಿ. ಈ ದಿಕ್ಕಿನಲ್ಲೇ ಹೋಗಿ. ಟೂರ್ ಬಸ್ಸುಗಳೂ ಹೀಗೇ ಸುತ್ತುತ್ತವೆ, ಇಕ್ಕಟ್ಟಿನಲ್ಲಿ ಎದುರಾಗುವುದು ಕಡಿಮೆ.

ದೋಣಿಕಟ್ಟೆಗೆ ಮಾತ್ರ ಕಾರು ಇಳಿಸಲೇಬೇಡಿ! ಹಾವಿನ ಹಾಗೆ ಸುತ್ತಿ ಇಳಿಯುವ ಸಣ್ಣ ಕಾಂಕ್ರೀಟ್ ದಾರಿ ಅದು, ತಿರುಗಿಸಲು ಜಾಗವಿಲ್ಲ. ಮೇಲೇ ನಿಲ್ಲಿಸಿ ನಡೆಯಿರಿ. ಇಲ್ಲಿನ ಮೀನುಗಾರರ ದೋಣಿ ‘ನೇವೋಗ್’, ಮರದ ಚೌಕಟ್ಟಿಗೆ ಡಾಂಬರು ಬಳಿದ ಕ್ಯಾನ್ವಾಸು. ಬೋರಲು ಹಾಕಿ ಹೆಗಲ ಮೇಲೆ ಹೊತ್ತರೆ ದೊಡ್ಡ ಕಪ್ಪು ಜೀರುಂಡೆ ನಡೆದಂತೆ ಕಾಣುತ್ತದೆ.

1953ರಲ್ಲಿ ಎದುರಿನ ಗ್ರೇಟ್ ಬ್ಲಾಸ್ಕೆಟ್ ದ್ವೀಪ ಖಾಲಿಯಾದಾಗ ಹಲವರು ನೆಲೆಸಿದ್ದು ಇದೇ ಊರಲ್ಲಿ. ಆ ಕತೆ ಊರಿನ ಬ್ಲಾಸ್ಕೆಟ್ ಸೆಂಟರ್‌ನಲ್ಲಿದೆ, ಸುಮ್ನೆ ಹಾದು ಹೋಗಬೇಡಿ. ದ್ವೀಪಕ್ಕೆ ಹೋಗುವುದಾದರೆ ಬೆಳಿಗ್ಗೆಯೇ ದೋಣಿಯವರಿಗೆ ಫೋನ್ ಮಾಡಿ. ಅಲೆ ಜಾಸ್ತಿ ಇದ್ದರೆ ದೋಣಿ ಬಿಡುವುದಿಲ್ಲ.