ಗ್ಯಾರೇಜಿನ ರೇಡಿಯೋ ಮತ್ತು 2024ರ ಟೈಗರ್ಸ್

ನೋವೈಗೆ ಬಂದು ಮೂರು ತಿಂಗಳಾದರೂ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ, ಕಚೇರಿಯಲ್ಲಿ ಇಲ್ಲಿಯ ಬೇಸ್‌ಬಾಲ್ ತಂಡ ಡೆಟ್ರಾಯಿಟ್ ಟೈಗರ್ಸ್ ಮಾತು ಶುರುವಾದರೆ ಊಟದ ಡಬ್ಬಿ ಹಿಡಿದು ಎದ್ದು ಹೋಗುತ್ತೇನೆ, ಇಲ್ಲಿ ಬದುಕಲು ಬೇಸ್‌ಬಾಲ್ ಕಲಿಯಲೇಬೇಕೇ ಎಂದು ಕೇಳಿದ್ದೀರಿ. ಕಲಿಯದೆಯೂ ಬದುಕಬಹುದು. ಆದರೂ ನೀವು ಬಂದಿರುವುದು ಡೆಟ್ರಾಯಿಟ್ ಸೀಮೆಗೆ. ಎದ್ದು ಹೋಗಬೇಡಿ, ಕುಳಿತಿರಿ.

ನಾನು ಬಂದದ್ದು 2003ರಲ್ಲಿ. ಆ ವರ್ಷ ಟೈಗರ್ಸ್ 162 ಪಂದ್ಯಗಳಲ್ಲಿ 119 ಸೋತಿತು. ಆಟದ ತಲೆಬುಡ ತಿಳಿಯದಿದ್ದರೂ ಜನರ ಮುಖದಲ್ಲಿ ಆ ಸೋಲು ನನಗೆ ಕಾಣುತ್ತಿತ್ತು. ಮೂರೇ ವರ್ಷಕ್ಕೆ ಅದೇ ತಂಡ ವರ್ಲ್ಡ್ ಸೀರೀಸ್, ಎಂದರೆ ಇಲ್ಲಿಯ ಬೇಸ್‌ಬಾಲಿನ ಫೈನಲ್, ಆಡಿದಾಗಲೂ ನಾನು ದೂರದಿಂದ ನೋಡಿದವನೇ. ವಾರಾಂತ್ಯವೆಲ್ಲ ನಮ್ಮವರ ಮನೆಗಳಲ್ಲಿ ಕಳೆಯುತ್ತಿತ್ತು. ಪಕ್ಕದ ಮನೆಯ ಹಿರಿಯರೊಂದಿಗೆ ಇದ್ದದ್ದು ಹಿಮದ ಮಾತು, ಹುಲ್ಲಿನ ಮಾತು, ಅಷ್ಟೇ. ಅವರು ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬೇಸಿಗೆಯ ಸಂಜೆ ಗ್ಯಾರೇಜಿನ ಬಾಗಿಲು ಎತ್ತಿಟ್ಟು ರೇಡಿಯೋದಲ್ಲಿ ಡ್ಯಾನ್ ಡಿಕರ್‌ಸನ್ ವೀಕ್ಷಕ ವಿವರಣೆ ಕೇಳುತ್ತಾ ಕೂರುವರು.

2024ರ ಕೃಷ್ಣಾಷ್ಟಮಿಗೆ ಚಕ್ಕುಲಿ ಕೊಡಲು ಹೋದಾಗ ಅವರು ಇನ್ನೊಂದು ಕುರ್ಚಿ ಬಿಡಿಸಿಟ್ಟರು. ಆ ಆಗಸ್ಟ್ 10ರಂದು ತಂಡದ ಲೆಕ್ಕ 55 ಗೆಲುವು, 63 ಸೋಲು. ಜುಲೈ ಕೊನೆಯಲ್ಲಿ ಒಳ್ಳೆಯ ಪಿಚರ್ (ನಮ್ಮ ಬೌಲರ್ ಇದ್ದಂತೆ) ಜ್ಯಾಕ್ ಫ್ಲಾಹರ್ಟಿಯನ್ನು ಡಾಡ್ಜರ್ಸ್ ತಂಡಕ್ಕೆ ಬಿಟ್ಟುಕೊಟ್ಟು ಎಳೆಯ ಆಟಗಾರರನ್ನು ತಂದಿದ್ದರು, ಎಂದರೆ ಆ ವರ್ಷದ ಆಸೆಯನ್ನು ಆಡಳಿತವೇ ಕೈಬಿಟ್ಟಿತ್ತು. ಪ್ಲೇಆಫ್ ಸೇರುವ ಸಾಧ್ಯತೆ ಶೇಕಡಾ 0.2 ಎಂದು ಅಂಕಿಅಂಶದವರು ಹೇಳಿದ್ದರು. ಅಲ್ಲಿಂದ ಮುಂದಿನ 44 ಪಂದ್ಯಗಳಲ್ಲಿ 31 ಗೆದ್ದರು. ಅದೇ ವರ್ಷ ನಮ್ಮ ಆರ್‌ಸಿಬಿ ಮೊದಲ ಎಂಟರಲ್ಲಿ ಒಂದನ್ನೇ ಗೆದ್ದು, ಆಮೇಲೆ ಸತತ ಆರು ಗೆದ್ದು ಪ್ಲೇಆಫ್ ಸೇರಿದ್ದನ್ನು ನೀವು ನೋಡಿದ್ದೀರಲ್ಲ? ಆ ಎದೆಬಡಿತ ನಿಮಗೆ ಹೊಸದೇನಲ್ಲ.

ಆಟವನ್ನು ನಾನು ಕಲಿತದ್ದು ಆ ಕುರ್ಚಿಯಲ್ಲಿ. ಬೇಸ್‌ಬಾಲಿನಲ್ಲಿ ಮೊದಲು ಇಳಿದ ಪಿಚರ್ ಪಂದ್ಯದ ಒಂಬತ್ತು ಇನಿಂಗ್ಸ್‌ಗಳಲ್ಲಿ ಐದಾರನ್ನು ಎಸೆಯುವುದು ವಾಡಿಕೆ. ಟೈಗರ್ಸ್ ಬಳಿ ಹಾಗೆ ನಂಬಿ ಚೆಂಡು ಕೊಡಬಹುದಾದವನು ಎಡಗೈಯ ಟಾರಿಕ್ ಸ್ಕೂಬಲ್, ಆ ವರ್ಷ 18 ಪಂದ್ಯ ಗೆದ್ದು 228 ಸ್ಟ್ರೈಕ್ಔಟ್, ಎಂದರೆ ಮೂರು ಸ್ಟ್ರೈಕ್‌ಗೆ ಬ್ಯಾಟರನ್ನು ಔಟ್, ಮಾಡಿದವನು. ಅವನಿಲ್ಲದ ಹೆಚ್ಚಿನ ದಿನ ಮ್ಯಾನೇಜರ್ ಎ. ಜೆ. ಹಿಂಚ್ ಒಬ್ಬರ ಹಿಂದೆ ಒಬ್ಬರಂತೆ ಹೆಸರಿಲ್ಲದ ಹುಡುಗರನ್ನು ಇಳಿಸುತ್ತಿದ್ದರು. ಕ್ರಿಕೆಟ್ ಲೆಕ್ಕದಲ್ಲಿ ಒಬ್ಬ ಬುಮ್ರಾ, ಮಿಕ್ಕವರೆಲ್ಲ ಎರಡೆರಡು ಓವರಿನವರು. ಒಂದೇ ಎಚ್ಚರ: ಇಲ್ಲಿ ಒಮ್ಮೆ ಹೊರಗೆ ಕಳಿಸಿದವನು ಆ ದಿನ ಮತ್ತೆ ಬರುವಂತಿಲ್ಲ. ಹಾಗಾಗಿ ಪ್ರತಿ ಬದಲಾವಣೆಗೂ ನಮ್ಮ ಹಿರಿಯರು ಉಸಿರು ಬಿಗಿಹಿಡಿಯುತ್ತಿದ್ದರು.

ಸೆಪ್ಟೆಂಬರ್ 27ರ ರಾತ್ರಿ ಇಬ್ಬರೂ ಟೈಗರ್ಸ್ ತವರು ಮೈದಾನ ಕೊಮೆರಿಕಾ ಪಾರ್ಕಿಗೆ ಹೋದೆವು. ಮೇಲಿನ ಸಾಲಿನ ಆಸನ, ಸುತ್ತಲೂ ಅಪರಿಚಿತರು. ಚಿಕಾಗೋ ವೈಟ್ ಸಾಕ್ಸ್ ವಿರುದ್ಧ 4-1ರ ಗೆಲುವು, ಹತ್ತು ವರ್ಷಗಳ ಮೇಲೆ ಪ್ಲೇಆಫ್. ಎದುರಿನವರಿಗೆ ಅದು 121ನೇ ಸೋಲು. 1900ರ ಬಳಿಕ ಯಾವ ತಂಡವೂ ಒಂದು ವರ್ಷದಲ್ಲಿ ಅಷ್ಟು ಸೋತಿರಲಿಲ್ಲ. ಕುಣಿಯುವ ಜನರ ನಡುವೆ ಹಿರಿಯರು ವೈಟ್ ಸಾಕ್ಸ್ ಆಟಗಾರರು ಒಳಗೆ ನಡೆಯುವುದನ್ನೇ ನೋಡುತ್ತಾ, "2003ರಲ್ಲಿ ನಾವು ಹೀಗೇ ನಡೆದಿದ್ದೆವು" ಎಂದರು. ಆ "ನಾವು" ಎಂಬುದರೊಳಗೆ ನಾನೂ ಇದ್ದೆ. ಇಪ್ಪತ್ತೊಂದು ವರ್ಷದಲ್ಲಿ ಈ ಊರಿನವರೊಬ್ಬರ ಬಾಯಿಂದ ಆ ಮಾತನ್ನು ಹಾಗೆ ಕೇಳಿದ್ದು ಅದೇ ಮೊದಲು. ನನಗೆ ಗಂಟಲು ಕಟ್ಟಿತು.

ಮುಂದೆ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಹ್ಯೂಸ್ಟನ್ ಆಸ್ಟ್ರೋಸ್‌ರನ್ನು ಅವರ ನೆಲದಲ್ಲೇ ಎರಡು ಬಾರಿ ಸೋಲಿಸಿದರು. ಮುಂದಿನ ಸುತ್ತಿನಲ್ಲಿ ಕ್ಲೀವ್‌ಲ್ಯಾಂಡ್ ಎದುರು ಐದನೇ, ನಿರ್ಣಾಯಕ ಪಂದ್ಯದಲ್ಲಿ ಸ್ಕೂಬಲ್ ಎಸೆತಕ್ಕೇ ಅವರ ಲೇನ್ ಥಾಮಸ್ ಗ್ರ್ಯಾಂಡ್ ಸ್ಲ್ಯಾಮ್, ಎಂದರೆ ಒಂದೇ ಹೊಡೆತಕ್ಕೆ ನಾಲ್ಕು ರನ್, ಹೊಡೆದ; 7-3ಕ್ಕೆ ಸೋತು ಎಲ್ಲ ಮುಗಿಯಿತು. ನಾವಿಬ್ಬರೂ ಮಾತಿಲ್ಲದೆ ಕುರ್ಚಿ ಮಡಚಿದೆವು.

ನಿಯಮಗಳ ಪುಸ್ತಕ ಓದಬೇಡಿ. ನಾಳೆ ಊಟದ ಹೊತ್ತಿಗೆ ಟೈಗರ್ಸ್ ಮಾತು ಬಂದರೆ ಒಂದೇ ಪ್ರಶ್ನೆ ಕೇಳಿ: ಅವರು ಪ್ಲೇಆಫ್ ಸೇರಿದ ಆ ಶುಕ್ರವಾರ ರಾತ್ರಿ ನೀವೆಲ್ಲಿದ್ದಿರಿ? ಆಮೇಲೆ ಡಬ್ಬಿ ಬಿಚ್ಚಿ ಊಟ ಮಾಡುತ್ತಾ ಕೇಳಿಸಿಕೊಳ್ಳಿ.