ಹೊಸ ಕಾರ್ಮಿಕ ಸಂಹಿತೆಗಳು ಬಂದ ಮೇಲೆ ಸಣ್ಣ ಕಾರ್ಖಾನೆಯವರು ನೇರವಾಗಿ ಜನರನ್ನು ನೇಮಿಸಿಕೊಳ್ಳಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಕಾರ್ಖಾನೆ, 35 ಮಂದಿ ಕೆಲಸಗಾರರು. ಇನ್ನೂ ನಾಲ್ವರು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್‌ಗಳು ತುರ್ತಾಗಿ ಬೇಕು, ಬಂದವರು ಮೂರು ತಿಂಗಳು ನಿಲ್ಲುತ್ತಿಲ್ಲ. ಹೊಸ ಕಾನೂನಿನಿಂದ ಖರ್ಚು ಏರುತ್ತದೆ, ಯಾರನ್ನೂ ನೇರವಾಗಿ ತೆಗೆದುಕೊಳ್ಳದೆ ಗುತ್ತಿಗೆದಾರನ ಮೂಲಕ ಕರೆಸಿ ಎಂದು ಪರಿಚಯದವರು ಸಲಹೆ ಕೊಟ್ಟಿದ್ದಾರೆ. ಹಾಗೆ ಮಾಡಲೇ ಎಂದು ಕೇಳಿದ್ದೀರಿ.

ಬೇಡ. ನಾಲ್ವರನ್ನೂ ನೇರವಾಗಿಯೇ ತೆಗೆದುಕೊಳ್ಳಿ. ಸಣ್ಣ ಕಾರ್ಖಾನೆಗಳ ಸಂಬಳ, ಪಿಎಫ್, ಇಎಸ್‌ಐ ಲೆಕ್ಕ ನೋಡುವುದೇ ನನ್ನ ಕಸುಬು. ಈ ಸಲಹೆ ಈಗ ಬಹಳ ಕಡೆ ಓಡಾಡುತ್ತಿದೆ. ಇದು ಮಾಲೀಕರಿಗೂ ಒಳ್ಳೆಯದಲ್ಲ, ಕೆಲಸಗಾರರಿಗೂ ಒಳ್ಳೆಯದಲ್ಲ.

29 ಕೇಂದ್ರ ಕಾಯ್ದೆಗಳ ಜಾಗಕ್ಕೆ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಪತ್ರಿಕೆಗಳಲ್ಲಿ ದೊಡ್ಡ ಸದ್ದು ಮಾಡಿದ ವಿಷಯ, ಅಂದರೆ ಕೆಲಸದಿಂದ ತೆಗೆಯಲು ಸರ್ಕಾರದ ಅನುಮತಿ ಬೇಕಾದ ಮಿತಿ 100ರಿಂದ 300 ಮಂದಿಗೆ ಏರಿದ್ದು, ನಿಮಗೆ ತಾಗುವುದೇ ಇಲ್ಲ. ನಿಮಗೆ ತಾಗುವುದು ವೇತನದ ವ್ಯಾಖ್ಯಾನ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಇಡುಗಂಟು), ನೇಮಕಾತಿ ಪತ್ರ ಮತ್ತು ಬಿಟ್ಟು ಹೋದವರ ಬಾಕಿ.

ಎಲ್ಲರೂ ಹೆದರಿರುವುದು ವೇತನದ ವ್ಯಾಖ್ಯಾನಕ್ಕೆ, ಆದ್ದರಿಂದ ಅದನ್ನು ಲೆಕ್ಕ ಹಾಕಿಯೇ ನೋಡೋಣ. ನಿಮ್ಮ ಮೇಲ್ವಿಚಾರಕರೊಬ್ಬರ ತಿಂಗಳ ಸಂಬಳ 44,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,000, ಮನೆ ಬಾಡಿಗೆ ಭತ್ಯೆ 16,000, ಪ್ರಯಾಣ ಭತ್ಯೆ 10,000. ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ಮರಳಿ ವೇತನಕ್ಕೆ ಸೇರಿಸಬೇಕು ಎನ್ನುತ್ತದೆ ಹೊಸ ಕಾನೂನು. ಇಲ್ಲಿ ಭತ್ಯೆ 26,000, ಅರ್ಧ ಎಂದರೆ 22,000. ಮೀರಿದ 4,000 ಸೇರಿ ಲೆಕ್ಕದ ವೇತನ 22,000 ಆಯಿತು. ಗ್ರಾಚ್ಯುಟಿ ವರ್ಷಕ್ಕೆ 15 ದಿನದ ವೇತನ, ತಿಂಗಳನ್ನು 26 ದಿನವೆಂದು ಹಿಡಿದು. ಮೊದಲು ಸುಮಾರು 10,385 ರೂಪಾಯಿ ಇದ್ದದ್ದು ಈಗ 12,692. ವ್ಯತ್ಯಾಸ ತಿಂಗಳಿಗೆ ಇನ್ನೂರು ರೂಪಾಯಿಯೂ ಇಲ್ಲ. ಪಿಎಫ್ ಅನ್ನು ನೀವು 15,000 ರೂಪಾಯಿಯ ಮಿತಿಯ ಮೇಲೆ ಕಟ್ಟುತ್ತಿದ್ದರೆ ಅದು ಮೊದಲಿನಂತೆ 1,800 ರೂಪಾಯಿಯೇ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ‘ವಿಶೇಷ ಭತ್ಯೆ’ ಎಂಬ ಹೆಸರಿನಲ್ಲಿ ಕೊಡುವ ಹಣ ಹೊರಗಿಡುವ ಪಟ್ಟಿಯಲ್ಲಿ ಇಲ್ಲ, ಅದು ಪೂರ್ತಿ ವೇತನವೇ. ಕನಿಷ್ಠ ವೇತನಕ್ಕೆ ಹತ್ತಿರದ ಸಂಬಳ ಪಡೆಯುವ ಸಹಾಯಕರ ವಿಷಯದಲ್ಲಿ ಮೂಲ ವೇತನವೇ ಹೆಚ್ಚಿನ ಪಾಲು ಇರುವುದರಿಂದ ಬದಲಾವಣೆ ಇನ್ನೂ ಕಡಿಮೆ.

ನಿಶ್ಚಿತ ಅವಧಿಗೆ ನೇಮಿಸಿಕೊಂಡವರಿಗೆ ಐದು ವರ್ಷ ಕಾಯದೆ, ಒಂದು ವರ್ಷ ಮುಗಿಸಿದರೂ ಗ್ರಾಚ್ಯುಟಿ ಕೊಡಬೇಕು. ಇದು ಹೊಸ ಖರ್ಚು, ಒಪ್ಪುತ್ತೇನೆ. ಆದರೆ ಆರ್ಡರ್ ಇರುವ ಒಂದೋ ಎರಡೋ ವರ್ಷಕ್ಕೆ ಮಾತ್ರ ಜನ ಬೇಕೆನ್ನುವವರಿಗೆ ಈ ದಾರಿ ಮುಚ್ಚುಮರೆಯಿಲ್ಲದ್ದು. ಕಾಯಂ ನೌಕರರಿಗಿರುವ ಸಂಬಳ, ರಜೆ, ಸೌಲಭ್ಯ ಇವರಿಗೂ ಸಿಗಬೇಕು, ಅಷ್ಟೇ.

ಗುತ್ತಿಗೆದಾರನ ಮಾತಿಗೆ ಬರೋಣ. ಐವತ್ತಕ್ಕಿಂತ ಕಡಿಮೆ ಗುತ್ತಿಗೆ ಕಾರ್ಮಿಕರಿದ್ದರೆ ಈಗ ಪರವಾನಗಿಯ ಗೋಜಿಲ್ಲ, ಅದು ನಿಜ. ಆದರೆ ಅವನು ಸಂಬಳ ಕೊಡದೆ ಕೈಕೊಟ್ಟರೆ ಕಾರ್ಖಾನೆಯ ಮಾಲೀಕರೇ ಹೊಣೆ ಎಂದು ವೇತನ ಸಂಹಿತೆ ಹೇಳುತ್ತದೆ. ಅವನ ಕಮಿಷನ್ ಬೇರೆ. ಆಪರೇಟರ್‌ಗೆ ನಿಮ್ಮ ಯಂತ್ರದ ಆಫ್‌ಸೆಟ್ ಹಾಕುವುದು, ನಿಮ್ಮ ಡ್ರಾಯಿಂಗ್ ಓದುವುದು, ಟೂಲ್ ಸವೆದದ್ದನ್ನು ಸದ್ದಿನಲ್ಲೇ ಗುರುತಿಸುವುದು ಕೈಗೆ ಹತ್ತಲು ತಿಂಗಳುಗಳೇ ಬೇಕು. ಕಲಿತ ಮೇಲೆ ಗುತ್ತಿಗೆದಾರ ಅವನನ್ನು ಬೇರೊಂದು ಕಾರ್ಖಾನೆಗೆ ಕಳಿಸಿದರೆ ನೀವು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಹುಡುಗರು ಏಕೆ ನಿಲ್ಲುವುದಿಲ್ಲ ಎಂಬ ನಿಮ್ಮ ನಿಜವಾದ ನೋವಿಗೆ ಬರುತ್ತೇನೆ. ಸಂಬಳ ಕಡಿಮೆ ಎಂಬುದು ಒಂದು ಕಾರಣ. ಅದಕ್ಕಿಂತ ಹೆಚ್ಚಾಗಿ ನಾನು ಕಂಡದ್ದು ನಂಬಿಕೆಯ ಕೊರತೆ. ಬಿಟ್ಟು ಹೋಗುತ್ತೇನೆಂದವನ ಕೊನೆಯ ತಿಂಗಳ ಸಂಬಳವನ್ನು ಹಿಡಿದಿಟ್ಟುಕೊಳ್ಳುವ ಕೆಟ್ಟ ಅಭ್ಯಾಸ ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಬೇರೂರಿದೆ. ‘ಮುಂದಿನ ವಾರ ಬಾ’ ಎಂದು ನಾಲ್ಕು ಬಾರಿ ತಿರುಗಿಸಿದರೆ ಐದನೆಯ ಬಾರಿ ಅವನು ಬರುವುದಿಲ್ಲ ಎಂಬ ಲೆಕ್ಕ ಅದು. ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದು ಒಂದೇ ಕೋಣೆಯಲ್ಲಿ ಐದಾರು ಮಂದಿ ಇರುವ ಹುಡುಗನಿಗೆ ಆ ಹಣ ಬಾಡಿಗೆ ಮತ್ತು ಊಟ. ಇದನ್ನು ನಾನು ಕಳ್ಳತನವೆಂದೇ ಕರೆಯುತ್ತೇನೆ. ರಾಜೀನಾಮೆ ಕೊಟ್ಟವರಿಗೂ, ತೆಗೆದು ಹಾಕಿದವರಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು ಎಂದು ಈಗ ಕಾನೂನೇ ಹೇಳಿದೆ. ಇದನ್ನು ಪಾಲಿಸುವ ಕಾರ್ಖಾನೆಯ ಹೆಸರು ಹುಡುಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೇಗ ಹರಡುತ್ತದೆ, ಪಾಲಿಸದ ಕಾರ್ಖಾನೆಯ ಹೆಸರು ಇನ್ನೂ ಬೇಗ.

ನೇಮಕಾತಿ ಪತ್ರ ಈಗ ಎಲ್ಲರಿಗೂ ಕಡ್ಡಾಯ. ಅದನ್ನು ಯಾರದೋ ಇಂಗ್ಲಿಷ್ ನಮೂನೆಯಿಂದ ನಕಲು ಮಾಡಬೇಡಿ. ಹುದ್ದೆ, ಸಂಬಳದ ವಿವರ, ಪಾಳಿ, ವಾರದ ರಜೆ, ಒಪ್ಪಿಗೆಯಿದ್ದರೆ ಮಾತ್ರ ಓವರ್‌ಟೈಮ್ ಮತ್ತು ಅದಕ್ಕೆ ಎರಡು ಪಟ್ಟು ದರ, ಇಷ್ಟನ್ನು ಕನ್ನಡದಲ್ಲಿ ಒಂದೂವರೆ ಪುಟದೊಳಗೆ ಬರೆಯಬಹುದು. ಕನ್ನಡ ಬಾರದವರಿಗೆ ಹಿಂದಿಯಲ್ಲಿ ಓದಿ ಹೇಳಿಸಿ. ಕೆಲಸಕ್ಕೆ ಸೇರಿದ ದಿನವೇ ಕೈಗೆ ಕೊಡಿ.

ನೇರ ನೇಮಕಾತಿಗೆ ಸರ್ಕಾರವೇ ಹಣ ಕೊಡುತ್ತಿರುವುದು ನಿಮ್ಮ ಪರಿಚಯದವರಿಗೆ ತಿಳಿದಂತಿಲ್ಲ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆಯಲ್ಲಿ 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಹುಟ್ಟುವ ಉದ್ಯೋಗಗಳಿಗೆ ನೆರವಿದೆ. ಐವತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆ ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ತೆಗೆದುಕೊಂಡು ಆರು ತಿಂಗಳು ಉಳಿಸಿಕೊಂಡರೆ, ಸಂಬಳಕ್ಕೆ ತಕ್ಕಂತೆ ತಲಾ ತಿಂಗಳಿಗೆ 3,000 ರೂಪಾಯಿವರೆಗೆ ಎರಡು ವರ್ಷ ಸಿಗುತ್ತದೆ. ತಯಾರಿಕಾ ವಲಯಕ್ಕೆ ನಾಲ್ಕು ವರ್ಷ. ಮೊದಲ ಬಾರಿ ಪಿಎಫ್‌ಗೆ ಸೇರುವ ಹುಡುಗನಿಗೂ ಒಂದು ತಿಂಗಳ ಪಿಎಫ್ ವೇತನ, ಗರಿಷ್ಠ 15,000 ರೂಪಾಯಿ, ಎರಡು ಕಂತುಗಳಲ್ಲಿ ಬರುತ್ತದೆ: ಆರು ತಿಂಗಳಾದ ಮೇಲೆ ಒಂದು, ಹನ್ನೆರಡು ತಿಂಗಳಾದ ಮೇಲೆ ಇನ್ನೊಂದು. ಮೂರೇ ತಿಂಗಳಿಗೆ ಹೊರಡುವವನನ್ನು ಕೂರಿಸಿ ಇದನ್ನು ವಿವರಿಸಿ. ಇನ್ನೊಂದು ವಿಷಯ, 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಈ ಸಂಹಿತೆಗಳಿಗೆ ಮುಂಚಿನಿಂದಲೇ ಕಡ್ಡಾಯ. ಹತ್ತಿರದ ಐಟಿಐ ಪ್ರಾಚಾರ್ಯರನ್ನು ಒಮ್ಮೆ ಹೋಗಿ ಕಾಣಿರಿ.

ಹೆಣ್ಣುಮಕ್ಕಳನ್ನೂ ಕರೆಯಿರಿ. ನರಸಾಪುರ, ದೇವನಹಳ್ಳಿ, ಹೊಸೂರಿನ ಮೊಬೈಲ್ ಕಾರ್ಖಾನೆಗಳು ಅವರನ್ನು ದೊಡ್ಡ ಸಂಖ್ಯೆಯಲ್ಲಿ ನೇಮಿಸಿಕೊಳ್ಳುತ್ತಿರುವಾಗ, ಸಣ್ಣ ಕಾರ್ಖಾನೆಗಳು ಗಂಡುಮಕ್ಕಳನ್ನು ಮಾತ್ರ ಹುಡುಕುತ್ತ ಆಳಿಲ್ಲ ಎನ್ನುವುದು ನನಗೆ ಬೇಸರ ತರುತ್ತದೆ. ರಾತ್ರಿ ಪಾಳಿಗೆ ಅವರ ಒಪ್ಪಿಗೆ, ಸುರಕ್ಷತೆ, ಓಡಾಟದ ವ್ಯವಸ್ಥೆ ಬೇಕು. ಅದು ಸದ್ಯಕ್ಕೆ ಆಗದಿದ್ದರೆ ಹಗಲು ಪಾಳಿಯಿಂದ ಆರಂಭಿಸಿ.

ಹೊಸಬರನ್ನು ಹುಡುಕುವ ಮೊದಲು ಈಗಿರುವ 35 ಮಂದಿಯ ಕಡತ ತೆಗೆದು ನೋಡಿ. ಪತ್ರವಿಲ್ಲದವರಿಗೆಲ್ಲ ಈ ತಿಂಗಳೇ ನೇಮಕಾತಿ ಪತ್ರ ಕೊಡಿ, 40 ದಾಟಿದವರಿಗೆ ವರ್ಷಕ್ಕೊಮ್ಮೆಯ ಉಚಿತ ಆರೋಗ್ಯ ತಪಾಸಣೆಗೆ ದಿನ ಗೊತ್ತು ಮಾಡಿ. ನಂತರ ಆ ನಾಲ್ಕು ಜಾಗಕ್ಕೆ ಯಾರಾದರೂ ಗೊತ್ತಿದ್ದಾರೆಯೇ ಎಂದು ಅವರನ್ನೇ ಕೇಳಿ.